ಮರುವಾಯಿ ಮಹಾರಾಜರ ಆರೋಗ್ಯ ವಾರ್ತೆ

ದ್ವಾರಕಾ, ದೆಹಲಿ
೧೬ ಸೆಪ್ಟೆಂಬರ್ ೨೦೦೭

ಸಪ್ತಸಾಗರಗಳ ಒಡತಿ, ನಾಲ್ಕಡಿ ಗಾಜಿನ ಪೆಟ್ಟಿಗೆಯೊಳಗಿನ ಸಕಲ ಮೀನು, ಹವಳ, ಚಿಪ್ಪುಗಳ ಏಕೈಕ ಚಕ್ರವರ್ತಿನಿ, ಕಡಲಜೀವಶಾಸ್ತ್ರ ಓದಲು ಹೋಗಿ ಪ್ರಸ್ತುತ ಕಾರವಾರದ ಹಾಸ್ಟೆಲಿನಲ್ಲಿ ತಮ್ಮ ಬಟ್ಟೆ ತಾವೇ ಒಗೆದುಕೊಳ್ಳುತ್ತಿರುವ ಶ್ರೀ ಶ್ರೀ ಶ್ರೀ ಪ್ರಜ್ಞಾ ಅಕ್ಕನವರ ದಿವ್ಯ ಸನ್ನಿಧಿಗೆ, ತಮ್ಮ ದೀಕ್ಷಿತನು ಸೊಂಟ ಬಗ್ಗಿದಷ್ಟೂ ಬಗ್ಗಿ ಮಾಡುವ ನಮಸ್ಕಾರಗಳು.

ಪತ್ರ ತಡವಾಯಿತು, ಕ್ಷಮಿಸು. ನೀನು ದಿನಾ ಫೋನ್ ಮಾಡುತ್ತೀ, ನಿಜ. ಆದರೆ ಫೋನಿನ ಪಕ್ಕದ ಕುರ್ಚಿಯಲ್ಲಿ ಅಪ್ಪ ಪೇಪರ್ ಹಿಡಿದು ಕೂತಿರುತ್ತಾರೆ. ನೀನು "ಮರುವಾಯಿ ಬಾಯಿ ತೆಗೆಯಿತಾ?" ಎನ್ನುತ್ತೀ, ನಾನು "ಇಲ್ಲ" ಎನ್ನುತ್ತೇನೆ, ನೀನು ಇಟ್ಟುಬಿಡುತ್ತೀ. ಇಷ್ಟರೊಳಗೆ ರಾಜ್ಯದ ರಹಸ್ಯ ಹೇಳುವುದು ಹೇಗೆ?

ಮೊದಲು ಶುಭವಾರ್ತೆ. ನಿನ್ನ ಮುದ್ದಿನ ಕಪ್ಪೆಚಿಪ್ಪು, ಮರುವಾಯಿ ಮಹಾರಾಜರು ಬಾಯಿ ತೆರೆದಿದ್ದಾರೆ! ನೀಲಿ ತುಟಿಯನ್ನು ಚಿಪ್ಪಿನ ಅಂಚಿನಾಚೆಗೂ ಚೆಲ್ಲಿಕೊಂಡು ದೀಪದ ಬೆಳಕಿಗೆ ಮೈ ಕಾಯಿಸಿಕೊಳ್ಳುತ್ತಿದ್ದಾರೆ. ನನ್ನ ಕೈಯ ನೆರಳು ಬಿದ್ದರೆ ಪಟಕ್ಕನೆ ಮುಚ್ಚುತ್ತಾರೆ. ಸಾಯುವವರಿಗೆ ಇಷ್ಟು ಸಿಟ್ಟು ಬರುವುದಿಲ್ಲ.

ಈಗ ಕಾಯಿಲೆಯ ಇತಿಹಾಸ. ನೀರು ಆರಿ ಕಡಿಮೆಯಾದಷ್ಟು ಉಪ್ಪಿಲ್ಲದ ಆರ್‌ಓ ನೀರು ಮಾತ್ರ ಹಾಕು ಎಂದು ಆಜ್ಞಾಪಿಸಿ ಹೋಗಿದ್ದೆಯಲ್ಲ? ನಾನು ಸಿದ್ಧನೇ ಇದ್ದೆ. ಆದರೆ ಈ ಸೆಕೆಯಲ್ಲೂ ನೀರು ನೀನು ಹಾಕಿದ ಗೆರೆಯಿಂದ ಇಳಿಯಲೇ ಇಲ್ಲ. ಕೆಲಸ ತಪ್ಪಿತೆಂದು ನಾನು ಸುಮ್ಮನಿದ್ದೆ. ಮಹಾರಾಜರು ಮಾತ್ರ ದಿನೇ ದಿನೇ ತುಟಿ ಒಳಗೆಳೆದುಕೊಂಡು ಕೊನೆಗೆ ಪೂರ್ತಿ ಮುಚ್ಚಿಕೊಂಡರು. ದೀಪ ಬದಲಿಸಿದೆ. ಕುಕ್ಕುವ ಮೀನನ್ನು ಗಡಿಪಾರು ಮಾಡಿದೆ. ಅಮ್ಮ ಅಡುಗೆಮನೆಯಿಂದಲೇ, "ಸಾಯುವ ಮೊದಲು ಹೇಳು ಮಾರಾಯ, ಕಾಯಿ ಹಾಕಿ ಸುಕ್ಕವಾದರೂ ಮಾಡುವ" ಎಂದರು. ಕಡೆಗೆ ಉಪ್ಪಿನ ಮಾಪಕ ಅದ್ದಿದರೆ, ಮುಳ್ಳು ಕೆಂಪು ಗೆರೆ ದಾಟಿ ನಿಂತಿತ್ತು.

ಉಪ್ಪು ಎಲ್ಲಿಂದ ಬಂತು? ಮರುದಿನ ಬೆಳಿಗ್ಗೆ ಸೋಫಾದ ಹಿಂದೆ ಅಡಗಿ ಕೂತೆ. ಅಪ್ಪ ಬಂದರು. ನೀನು ಹೊರಟ ದಿನ "ಕಡಲು ಬಿಟ್ಟು ಬಂದು ನಾನು ಇಲ್ಲಿ ಹೋಟೆಲ್ ಕಟ್ಟಿದ್ದು ನೀನು ವಾಪಸ್ ಕಡಲಿಗೆ ಹೋಗ್ಲಿಕ್ಕಾ?" ಎಂದು ಕೂಗಿ, ಬಾಗಿಲಿನವರೆಗೂ ಬಾರದ ಅದೇ ಅಪ್ಪ. ಸ್ಟೀಲ್ ಜಗ್ಗಿನಲ್ಲಿ ನೀರು ತಂದರು. ನಿನ್ನ ಸಮುದ್ರದುಪ್ಪಿನ ಡಬ್ಬಿ ತೆರೆದು ಕಲಸಿದರು. ಬೆರಳದ್ದಿ ರುಚಿ ನೋಡಿ, ಇನ್ನರ್ಧ ಚಮಚ ಹಾಕಿ, ಮೆಲ್ಲಗೆ ಟ್ಯಾಂಕಿಗೆ ಸುರಿದರು.

"ಅಪ್ಪಾ, ಇದೆಂತ?"

ಬೆಚ್ಚಿಬಿದ್ದರು. "ಎಂತ ಇಲ್ಲ. ಕಡಲಿನದ್ದಕ್ಕೆ ಸಪ್ಪೆ ನೀರು ಹಾಕಿದ್ರೆ ಬದುಕ್ತದಾ? ಅವಳಿಗೆ ಎಂತ ಗೊತ್ತುಂಟು?"

"ಆರುವುದು ನೀರು, ಉಪ್ಪಲ್ಲ."

"ಅಚ್ಛಾ! ಕಡಲ ಬದಿಯಲ್ಲಿ ಹುಟ್ಟಿದವನಿಗೆ ದ್ವಾರಕಾದವ ಕಡಲು ಕಲಿಸ್ತೀಯಾ?"

"ಕಡಲು ಬೇಡ. ಹೋಟೆಲಿನ ಸಾಂಬಾರು ಕುದ್ದು ಕುದ್ದು ಗಟ್ಟಿಯಾದರೆ ಎಂತ ಹಾಕ್ತೀರಿ? ನೀರಾ, ಉಪ್ಪಾ?"

ಅಕ್ಕ, ಅಪ್ಪ ಜಗ್ಗನ್ನು ಕೆಳಗಿಟ್ಟರು. ಆಮೇಲೆ ಟ್ಯಾಂಕಿನ ಕಡೆ ಬಗ್ಗಿ, "ಪಾಪ" ಎಂದರು. ನನ್ನ ಕಡೆ ತಿರುಗಿ, "ಅವಳಿಗೆ ಹೇಳ್ಬೇಡ."

ಅಂದಿನಿಂದ ರಾಜವೈದ್ಯರು ಅವರೇ. ಒಮ್ಮೆಲೇ ಸಿಹಿನೀರು ಸುರಿದರೆ ಪ್ರಾಣಕ್ಕೇ ಅಪಾಯ ಎಂದು ನೀನು ಕಲಿಸಿದ್ದನ್ನು ನಾನು ನನ್ನದೇ ವಿದ್ಯೆಯೆಂಬಂತೆ ಉಪದೇಶಿಸಿದೆ. ದಿನಕ್ಕಿಷ್ಟು ಉಪ್ಪುನೀರು ತೆಗೆಯುವುದು, ಅಷ್ಟೇ ಆರ್‌ಓ ನೀರು ಹಾಕುವುದು, ಮಾಪಕದ ಮುಳ್ಳನ್ನು ಕನ್ನಡಕ ಏರಿಸಿ ನೋಡುವುದು. ಒಂದು ದಿನ ಹೋಟೆಲಿಗೆ ಹೋಗುವುದನ್ನೇ ಮರೆತರು. ಮ್ಯಾನೇಜರ್ ಚಂದ್ರಪ್ಪಣ್ಣ ಫೋನ್ ಮಾಡಿ "ಧಣಿಗಳು ಎಲ್ಲಿ?" ಎಂದಾಗ ನಾನು ಪರಮ ಗಾಂಭೀರ್ಯದಿಂದ "ಐಸಿಯುನಲ್ಲಿದ್ದಾರೆ" ಎಂದೆ. ಪಾಪ, ಆಟೋ ಹಿಡಿದು ಎಳನೀರಿನ ಸಮೇತ ಓಡಿ ಬಂದರು. ಅಪ್ಪನಿಂದ ನನಗೆ ಬಿದ್ದ ಏಟನ್ನು ರಾಜಸೇವೆಯ ಪದಕವೆಂದು ಸ್ವೀಕರಿಸಿದ್ದೇನೆ.

ಚೆನ್ನಾಗಿ ಓದು. ಅಮ್ಮನ ಆಶೀರ್ವಾದ ಇದರೊಂದಿಗಿದೆ. ಅಪ್ಪನದು ಜಗ್ಗಿನಲ್ಲಿದೆ.

ಮಹಾರಾಜರ ಅಪ್ಪಣೆಯ ಮೇರೆಗೆ,
ಅವರ ಪ್ರಧಾನ ಅಂಗರಕ್ಷಕ
ದೀಕ್ಷಿತ್

ಬರೆಯಲೋ ಬೇಡವೋ ಎಂದಿದ್ದು: ಮಹಾರಾಜರು ಬಾಯಿ ತೆರೆದದ್ದು ಇವತ್ತಲ್ಲ, ಹೋದ ವಾರ. ಆಮೇಲೂ ನೀನು ಕೇಳಿದಾಗಲೆಲ್ಲ "ಇಲ್ಲ" ಎಂದೆ. ಗುಣವಾಯಿತೆಂದರೆ ನೀನು ಫೋನ್ ಮಾಡುವುದು ನಿಲ್ಲಿಸುತ್ತೀಯೇನೋ ಎಂದು. ನನ್ನ ಆ "ಇಲ್ಲ" ಸುಳ್ಳೆಂದು ಪಕ್ಕದ ಕುರ್ಚಿಯಲ್ಲಿದ್ದ ಅಪ್ಪನಿಗೂ ಗೊತ್ತಿತ್ತು. ಅವರು ಪೇಪರಿನ ಪುಟ ಮಗುಚಿದರು, ಅಷ್ಟೇ.