ಮರ್ಸಿಯನ್ನು ನನ್ನ ಸುಪರ್ದಿಗೆ ಕೊಡಬೇಡಿ

ಮುರಿದ ಮನೆಗಳನ್ನು ಕೂಡಿಸಿ ಕಳಿಸುವ ಸಮಾಲೋಚನಾ ಕಚೇರಿಯ ಮಾನ್ಯ ಅಧಿಕಾರಿಗಳೇ,

ಗುರುವಾರ ಬೀದರಿಗೆ ಬಂದು ನನ್ನ ತಮ್ಮನ ಮಗಳು ಮರ್ಸಿಯನ್ನು ಮತ್ತೊಮ್ಮೆ ಆಕೆಯ ಗಂಡನಿಗೆ ಒಪ್ಪಿಸಬೇಕೆಂದು ತಮ್ಮ ಕಚೇರಿಯಿಂದ ಫೋನ್ ಬಂದಿದೆ. ನಾನು ಒಪ್ಪಿಸುವುದಿಲ್ಲ. "ಹಿರಿಯರು ನೀವೇ ಅಲ್ರಿ, ನಿಮ್ಮ ಸುಪರ್ದಿಗೆ ತಗೊಂಡು, ತಿಳಿಹೇಳಿ ಕಳಿಸಿದ್ರ ಮುಗೀತು" ಎಂದರು ತಮ್ಮ ಸಿಬ್ಬಂದಿ. ಸುಪರ್ದಿಗೆ ತಗೊಳ್ಳಲಿಕ್ಕೆ ಆಕೆ ಏನು ಠಾಣೆಯಲ್ಲಿ ಜಪ್ತಿಯಾದ ಮೋಟಾರ್ ಸೈಕಲ್ಲೇ? ಮೂವತ್ತು ದಾಟಿದ ಹೆಂಗಸು, ಬೀದರದ ಪಕ್ಕದ ಕೊಳಾರದ ಗೋದಾಮಿನಲ್ಲಿ ದುಡಿದು ತಿನ್ನುತ್ತಾಳೆ. ಆಕೆಯ ಸಹಿ ನಡೆಯುವುದಿಲ್ಲ, ಅರ್ಧಕ್ಕೆ ಸಾಲಿ ಬಿಟ್ಟ ನನ್ನ ಸಹಿ ನಡೆಯುತ್ತದೆ. ಭಲೇ ಕಾನೂನು!

ತಾವು ಆರಿಸಿಕೊಂಡ ಈ ಹಿರಿಯ ಎಂಥವನೆಂದು ಒಮ್ಮೆಯಾದರೂ ವಿಚಾರಿಸಿದ್ದೀರಾ? ಔರಾದದಲ್ಲಿ ಪಂಪ್‌ಸೆಟ್ ರಿಪೇರಿ ಮಾಡಿಕೊಂಡು ಬದುಕಿದವನು ನಾನು. ನನ್ನ ಸಿಟ್ಟು ಇಡೀ ಓಣಿಗೆ ಗೊತ್ತು. ರೊಟ್ಟಿ ಆರಿದ್ದರೆ ತಾಟು ಅಂಗಳಕ್ಕೆ ಹೋಗುತ್ತಿತ್ತು. ನನ್ನ ಹೆಂಡತಿ ಆನಂದಮ್ಮ ಅದನ್ನು ಎತ್ತಿ ತಂದು, ತೊಳೆದು, ಮತ್ತೆ ಬಡಿಸುತ್ತಿದ್ದಳು. ಸಂಜೆಗೆ ಜಿಲೇಬಿ ತಂದು ಕೊಡುತ್ತಿದ್ದೆ, ನನ್ನ ಲೆಕ್ಕದಲ್ಲಿ ಅಲ್ಲಿಗೆ ಎಲ್ಲ ಸರಿಹೋಯಿತು. ಭಾನುವಾರ ಚರ್ಚಿನಲ್ಲಿ ಮುಂದಿನ ಬೆಂಚು. ತಂದೆತಾಯಿ ಇಲ್ಲದ ಮರ್ಸಿ ಆ ಮನೆಯಲ್ಲಿ ಬಾಗಿಲ ಹಿಂದೆ ನಿಂತು ಬೆಳೆದಳು.

ಆಕೆಯ ಮೊದಲ ಮದುವೆಗೆ ಭಾಲ್ಕಿಯ ಸಂಬಂಧ ನಾನೇ ನೋಡಿದ್ದು. ಅವನು ಹೊಡೆದಾಗ "ಸಿಟ್ಟಿನ ಮನುಷ್ಯ ಅಷ್ಟೇ, ಒಳಗ ಛಲೋ ಅದಾನ" ಎಂದು ಮರ್ಸಿಗೆ ಬುದ್ಧಿ ಹೇಳಿದೆ. ಅವನ ಪರವಾಗಿ ಅಲ್ಲ, ನನ್ನ ಪರವಾಗಿ ಹೇಳಿಕೊಂಡೆ ಎಂಬುದು ಈಗ ಹೊಳೆಯುತ್ತದೆ. ಆ ಮದುವೆ ಕೋರ್ಟಿನಲ್ಲಿ ಹರಿಯಿತು. ಎರಡನೆಯವನನ್ನು, ಈ ಬೀದರದವನನ್ನು, ಆಕೆಯೇ ಮೆಚ್ಚಿದಳು. ಅವನೂ ಅದೇ ಜಾತಿಯ ಗಂಡಸಾದ. "ಹುಡುಕಿ ಹುಡುಕಿ ಇಂಥವ್ರನ್ನೇ ತರ್ತಿಯಲ್ಲ!" ಎಂದು ಬೈದೆ. ಬೈಯುವುದು ಸುಲಭ.

ಹೋದ ವರ್ಷ ತಮ್ಮ ಕಚೇರಿಯಲ್ಲೇ ರಾಜಿಯಾಯಿತು. ನಮ್ಮ ಮಂದಿಯಲ್ಲಿ ಒಂದು ಪದ್ಧತಿ ಇದೆ. ರಾಜಿಯಾದ ಮೇಲೆ ಹಿರಿಯನಾದವನು ಹುಡುಗಿಯ ಕೈ ಹಿಡಿದು ಅಳಿಯನ ಕೈಯಲ್ಲಿಟ್ಟು ಪ್ರಾರ್ಥನೆ ಮಾಡಬೇಕು. ನಾನು ಮರ್ಸಿಯ ಮಣಿಕಟ್ಟು ಹಿಡಿದೆ. ಆಕೆ "ಸ್ಸ್" ಎಂದಳು. "ಇನ್ನೂ ನಾಚಿಕಿ ಹೋಗಿಲ್ಲ ನೋಡ್ರಿ" ಎಂದು ನಾನೇ ಚೇಷ್ಟೆ ಮಾಡಿದೆ. ತಾವೂ ನಕ್ಕಿರಿ. ಫೋಟೋ ತೆಗೆದರು. ಉದ್ದ ತೋಳಿನ ಜಂಪರಿನೊಳಗೆ ಆ ಮಣಿಕಟ್ಟು ಬಾತು ನೀಲಿಯಾಗಿತ್ತೆಂದು ಆನಂದಮ್ಮ ಆಮೇಲೆ ಹೇಳಿದಳು. ನಾನು ಹಿಡಿದದ್ದು ಸರಿಯಾಗಿ ಅದೇ ಜಾಗ. ಆಕೆ ಕೈ ಎಳೆದುಕೊಳ್ಳಲಿಲ್ಲ, ಯಾಕೆಂದರೆ ಹಿಡಿದವನು ದೊಡ್ಡಪ್ಪ. ಆ ಫೋಟೋ ತಮ್ಮ ಕಚೇರಿಯ ಗೋಡೆಯ ಮೇಲೆ 'ಒಂದಾದ ಕುಟುಂಬಗಳು' ಎಂಬ ಹೆಸರಿನಡಿ ಈಗಲೂ ಇದೆಯಂತೆ. ಅಭಿನಂದನೆಗಳು.

ಈಗ ಆಕೆ ಅವನನ್ನು ಬಿಟ್ಟು ಬೀದರದಲ್ಲೇ ವಜೀರಬೀ ಎಂಬವರ ಮನೆಯ ಮಾಳಿಗೆಯಲ್ಲಿ ಬಾಡಿಗೆ ಖೋಲಿ ಹಿಡಿದಿದ್ದಾಳೆ. ತಮ್ಮ ಫೋನ್ ಬಂದ ಮೇಲೆ ಬುದ್ಧಿ ಹೇಳಲು ಹೋದೆ. ಛಾ ಕೊಟ್ಟಳು. ಮಾತಿಗೆ ಮಾತು ಬೆಳೆದು ನನ್ನ ದನಿ ಏರಿತು. ಮರ್ಸಿ ಎದ್ದಳು, ಚಪ್ಪಲಿ ಮೆಟ್ಟಿದಳು, ತನ್ನದೇ ಖೋಲಿಯಿಂದ ಹೊರಗೆ ನಡೆದಳು! ಒಳಗೆ ನಾನೊಬ್ಬನೇ, ಕೈಯಲ್ಲಿ ಛಾದ ಬಶಿ. ಮೆಟ್ಟಿಲ ಕೆಳಗಿಂದ ವಜೀರಬೀ ಕೂಗಿದರು, "ಯಾಕ್ರಿ ಚಾಚಾ, ಖಾಲಿ ಖೋಲಿಗೇ ಒದರ್ಲತ್ತೀರಿ? ಛಾ ಆರ್ತದ, ಕುಡೀರಿ."

ಸ್ವಲ್ಪ ಹೊತ್ತಿಗೆ ಮರ್ಸಿ ಬಾಗಿಲಲ್ಲಿ ನಿಂತಳು.

"ದನಿ ಇಳೀತಾ ದೊಡ್ಡಪ್ಪ? ಇಳಿದಿದ್ರ ಕೂಡ್ರಿ. ಇಲ್ಲಂದ್ರ ಔರಾದ ಬಸ್ ಅದ."

"ನನಗೇ ಹಿಂಗಂತಿ?"

"ನಿಮಗೇ ಮೊದಲ ಅನ್ಬೇಕಿತ್ತು. ಒದರಲಾರದ ಗಂಡಸು ಅಂದ್ರ ನನ್ನ ಮ್ಯಾಲ ಜೀವ ಇಲ್ಲದವ ಅಂತ ತಿಳ್ಕೊಂಡಿದ್ದೆ. ಅದನ್ನ ಎಲ್ಲಿ ಕಲ್ತೆ ಅಂತ ಕೇಳ್ಬ್ಯಾಡ್ರಿ. ಈಗ ನನಗ ನಾನೇ ಮಾತು ಕೊಟ್ಟೀನಿ. ದನಿ ಏರಿತಂದ್ರ ಎದ್ದು ಹೋಗೋದು. ಯಾರದೇ ಇರಲಿ."

ನಾನು ಕೇಳಲಿಲ್ಲ. ಉತ್ತರ ಗೊತ್ತಿತ್ತು. ಆರಿದ ಛಾ ಕುಡಿದೆ.

ಮನೆ ಮುರಿಯಬಾರದು ಎನ್ನುತ್ತೀರಿ. ಯಾರ ಮನೆ ಸ್ವಾಮಿ? ಒಬ್ಬ ಹೆಂಗಸು ಮೊದಲ ಸಲ ತನಗೆ ತಾನು ಕೊಟ್ಟುಕೊಂಡ ಮಾತು ಮುರಿದರೆ ತಮ್ಮ ಕಚೇರಿಗೆ ಲಾಭವೇನು, ಗೋಡೆಗೆ ಇನ್ನೊಂದು ಫೋಟೋನೇ? ಸಿಟ್ಟಿನ ಮನೆಯಲ್ಲಿ ಬೆಳೆದು ಸಿಟ್ಟನ್ನೇ ಪ್ರೀತಿ ಎಂದು ನಂಬಿದವಳನ್ನು, ಆ ಸಿಟ್ಟಿನ ಯಜಮಾನನ ಕೈಯಿಂದಲೇ ಮತ್ತೊಬ್ಬ ಸಿಟ್ಟಿನವನಿಗೆ ಒಪ್ಪಿಸುವ ಕೆಲಸಕ್ಕೆ 'ಸಮಾಲೋಚನೆ' ಎಂದು ಹೆಸರಿಟ್ಟವರು ಯಾರು? ನನ್ನ ಪಾಪ ನನಗಿರಲಿ, ಅದನ್ನು ತೊಳೆದುಕೊಳ್ಳಲು ಈ ಪತ್ರ ಬರೆದಿಲ್ಲ. ತೊಳೆದರೆ ಹೋಗುವಂಥದ್ದೂ ಅಲ್ಲ. ಆದರೆ ಅದರ ಮೇಲೆ ತಾವು ಸರಕಾರದ ಮೊಹರು ಒತ್ತಬೇಡಿ.

ಗುರುವಾರ ಆಕೆಯನ್ನು ಒಬ್ಬಳನ್ನೇ ಒಳಗೆ ಕರೆದು ಕೇಳಿ. ಬೇಡ ಎಂದರೆ ಬೇಡ ಎಂದೇ ಬರೆದುಕೊಳ್ಳಿ. ಕೆಳಗೆ ಆಕೆಯ ಸಹಿ ಸಾಕು. ಗೋಡೆಯ ಮೇಲಿನ ಆ ಫೋಟೋ ಅಂದೇ ಇಳಿಸಿ. ನಾನೂ ಜೊತೆಗೆ ಬರಲೇ ಎಂದು ಮರ್ಸಿಯನ್ನು ಕೇಳಿದ್ದೆ. "ಬರ್ರಿ, ಆದ್ರ ಹೊರಗ ಕೂಡ್ರಬೇಕು" ಎಂದಳು. ಹೊರಗೆ ಕೂತಿರುತ್ತೇನೆ. ಯಾರೂ ಒಳಗೆ ಕರೆಯಬೇಡಿ.

ಇಂತಿ,
ಹಿರಿಯ ಎಂದು ತಾವೊಬ್ಬರೇ ಇನ್ನೂ ನಂಬಿರುವ
ಸುಂದರರಾಜ, ಔರಾದ