ಅನಘಾಳ ಎಡಗೈ

ಬಸವೇಶ್ವರನಗರ
ಶನಿವಾರ, ಜುಲೈ 12, 2025

ಪ್ರೀತಿಯ ಅಕ್ಕನಿಗೆ, ತಂಗಿಯ ನಮಸ್ಕಾರ.

ದಾವಣಗೆರೆಯ ಸಮಸ್ತ ನಾಗರಿಕರಿಗೂ, ವಿಶೇಷವಾಗಿ ನಿನ್ನ ಟೈಲರಿಂಗ್ ಅಂಗಡಿಯ ಗಿರಾಕಿಗಳಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇಂದು ಬೆಳಗ್ಗೆ ನಮ್ಮ ಬಡಾವಣೆಯಲ್ಲಿ ಒಂದು ಎಡಗೈ ಮಗುಚಿಕೊಂಡಿತು.

ನಗಬೇಡ. ವಾಟ್ಸಾಪಿನಲ್ಲಿ ಬರೆದರೆ ನೀನು ಬಂಧುಬಳಗಕ್ಕೆಲ್ಲ ಹಂಚುತ್ತೀಯ, ಅದಕ್ಕೇ ಕಾಗದ. ಓದಿ ಹರಿದುಹಾಕು.

ಅನಘಾ ನನ್ನ ಪಿಯಾನೊ ಕ್ಲಾಸಿನ ಅತಿ ಚಿಕ್ಕವಳು. ಆರು ವರ್ಷ, ಮುಂದಿನ ಎರಡು ಹಲ್ಲು ರಜೆಯಲ್ಲಿವೆ. ಬಲಗೈ ಅಳಿಲಿನಂತೆ ಓಡುತ್ತದೆ. ಎಡಗೈ ಮಾತ್ರ ಎದೆಯ ಮುಂದೆ, ಅಂಗೈ ಮೇಲಾಗಿ, ಪಾನಿಪುರಿ ಗಾಡಿಯ ಮುಂದೆ ತಟ್ಟೆ ಹಿಡಿದಂತೆ ನಿಂತುಬಿಡುತ್ತಿತ್ತು. ತಿರುಗಿಸಲು ಹೋದರೆ ಬೀದಿಗೆಲ್ಲ ಕೇಳುವ ಅಳು. ಕೊನೆಗೆ ನಾನೇ ಮಹಾಜ್ಞಾನಿಯಂತೆ, ಮೂಳೆ ಡಾಕ್ಟರಿಗೆ ತೋರಿಸಿ ಎಂದು ಅವಳ ಅಮ್ಮ ರಕ್ಷಾಗೆ ಹೇಳಿದೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ರಕ್ಷಾ ಇನ್ನಷ್ಟು ಹೆದರಿ, "ಬೇಡ ಬಿಡಿ ಮೇಡಂ, ಅವಳ ಕೈಲಿ ಆಗ್ತಿಲ್ಲ. ಇನ್ಮೇಲೆ ಕಳ್ಸಲ್ಲ" ಅಂದಳು.

ಪಿಯಾನೊ ಅಂದರೆ ಊಟ ಬಿಟ್ಟು ಓಡಿಬರುವ ಮಗು ಅದು. ಇನ್ನೊಂದು ಅವಕಾಶ ಕೊಡಿ ಎಂದು ಬೇಡಲು ಇವತ್ತು ಅವರ ಮನೆಗೇ ಹೋದೆ.

ನಡುಮನೆಯಲ್ಲಿ ಅನಘಾಳ ತಾತ ಗಂಗಾಧರಯ್ಯನವರು ಪೂಜೆಗೆ ಕೂತಿದ್ದರು. ಎಡ ಅಂಗೈಯಲ್ಲಿ ಇಷ್ಟಲಿಂಗ, ಎದೆಯ ಮಟ್ಟಕ್ಕೆ ಹಿಡಿದ ಕೈ ಒಂದಿಷ್ಟೂ ಅಲುಗುತ್ತಿಲ್ಲ. ಪಕ್ಕದಲ್ಲಿ ಅನಘಾ. ಅದೇ ಎಡಗೈ, ಅದೇ ಎತ್ತರ. ಅಂಗೈಯಲ್ಲಿ ಏನೂ ಇಲ್ಲ.

ಗರಬಡಿದವಳಂತೆ ಬಾಗಿಲಲ್ಲೇ ನಿಂತೆ ಅಕ್ಕ. ಪೂಜೆಗೆ ಕೂತ ಅಪ್ಪಾಜಿಯ ಇದೇ ಕೈ ನೋಡುತ್ತಲೇ ಬೆಳೆದವರಲ್ಲವೇ ನಾವು? ನನಗೇ ಹೊಳೆಯಬೇಡವೇ?

ಪೂಜೆ ಮುಗಿದ ಮೇಲೆ, ಕೈಯಲ್ಲಿ ಏನಿದೆ ಪುಟ್ಟಿ ಎಂದು ಕೇಳಿದೆ. ದಡ್ಡಿಯನ್ನು ನೋಡಿದಂತೆ ನನ್ನನ್ನು ನೋಡಿ, "ನೀವೇ ಹೇಳಿದ್ರಲ್ಲ ಮಿಸ್, ಕೈಯಲ್ಲಿ ಜೋಪಾನ ಮಾಡೋವಂಥದ್ದು ಏನೋ ಇದೆ ಅಂದ್ಕೋ, ಬೀಳಿಸ್ಬೇಡ ಅಂತ. ಅದಕ್ಕೇ ತಾತನ ಥರ ಹಿಡ್ಕೊಂಡೆ. ತಿರುಗಿಸಿದ್ರೆ ಬೀಳಲ್ವಾ?" ಅಂದಳು.

ಹೇಳಿದ್ದೆ. ಬೆರಳು ಗುಂಡಗೆ ಬಾಗಿರಲಿ ಎಂದು ಎಲ್ಲ ಮಕ್ಕಳಿಗೂ ಮೊದಲ ದಿನ ಹೇಳುವ ಮಾತು. ಉಳಿದವರು ಆಗಲೇ ಮರೆತರು. ಇವಳು ನಂಬಿದಳು. ನಂಬಿದ ಕೈಯನ್ನು ನಾನು ವಾರಗಟ್ಟಲೆ ಹಿಡಿದು ತಿರುಚಿದ್ದೇನೆ.

ನನ್ನನ್ನು ಬದುಕಿಸಿದ್ದು ಆ ತಾತ. "ಅಲ್ಲ ಕಣವ್ವ, ಪೂಜೆ ಆದ್ಮೇಲೆ ನಾನು ಲಿಂಗಯ್ಯನ್ನ ಕೈಯಲ್ಲೇ ಹಿಡ್ಕೊಂಡು ಬಸ್ ಹತ್ತುತೀನಾ? ವಸ್ತ್ರದಲ್ಲಿ ಸುತ್ತಿ, ಕೊರಳಿಗೆ ಹಾಕ್ಕೊಂಡು, ಆಮೇಲೆ ತಾನೆ ಕೆಲಸಕ್ಕೆ ಹೋಗೋದು?"

ಅನಘಾ ಯೋಚಿಸಿದಳು. "ನಂದಕ್ಕೆ ವಸ್ತ್ರ ಇಲ್ವಲ್ಲ ತಾತ."

ಅವರು ನಗಲಿಲ್ಲ. ತಮ್ಮ ಕರ್ಚೀಫು ಬಿಡಿಸಿ ಮುಂದೆ ಹಿಡಿದರು. ಅವಳು ಕಾಣದ ಆ ವಸ್ತುವನ್ನು ನಿಧಾನವಾಗಿ ಅದರೊಳಗಿಟ್ಟಳು. ತಾತ ಗಂಟು ಕಟ್ಟಿ, ದಾರ ಪೋಣಿಸಿ ಕೊರಳಿಗೆ ಹಾಕಿದರು. ಅಲ್ಲೇ ಇದ್ದ ಪುಟ್ಟ ಕೀಬೋರ್ಡಿನ ಮುಂದೆ ಕೂತಳು. ಎಡಗೈ ತಾನಾಗಿಯೇ ಮಗುಚಿತು. ದಪ್ಪನೆಯ ಸ್ವರವೊಂದು ಹೊರಟಿತು, ಅವಳೇ ಬೆಚ್ಚಿ ಬೆರಳು ನೋಡಿಕೊಂಡಳು. ರಕ್ಷಾ ಕಾವಲಿಯ ಮೇಲಿನ ದೋಸೆ ಮರೆತು ಬಂದು, ಬಾಗಿಲ ಚೌಕಟ್ಟು ಹಿಡಿದು ಅತ್ತಳು. ಸೋಮವಾರದಿಂದ ಮತ್ತೆ ಕಳಿಸುತ್ತಾಳೆ.

ನಿನ್ನ,
ಉಮಾಶ್ರೀ

ತಾ.ಕ.: ಕೈ ಹೇಗೆ ಸರಿಹೋಯಿತು ಎಂದು ರಕ್ಷಾ ಕೇಳಿದಾಗ, ಅಭ್ಯಾಸಬಲ ಅಂದುಬಿಟ್ಟೆ. ಗಂಗಾಧರಯ್ಯನವರು ನನ್ನ ಮುಖ ನೋಡಿದರು. ಎಲ್ಲ ನನ್ನ ಮಾತಿನಿಂದಲೇ ಆದದ್ದೆಂದು ಸೋಮವಾರ ನಿಜ ಹೇಳುತ್ತೇನೆ, ಧೈರ್ಯ ಬಂದರೆ. ಇನ್ನೊಂದು ವಿಷಯ. ಸಂಜೆ ಈ ಕಥೆಯನ್ನು ಉಳಿದ ಮಕ್ಕಳಿಗೆ ಹೇಳಿ ಕೆಟ್ಟೆ. ಈಗ ಅವರೆಲ್ಲರ ಕೈಯಲ್ಲೂ ಏನೋ ಇದೆಯಂತೆ, ಇಡಲು ಜಾಗ ಕೊಡದೆ ನುಡಿಸುವುದಿಲ್ಲವಂತೆ. ಬ್ಲೌಸ್ ಹೊಲಿದು ಮಿಕ್ಕ ಚೂರುಬಟ್ಟೆಯಲ್ಲಿ, ದಾರ ಎಳೆದು ಮುಚ್ಚುವಂಥ ಪುಟ್ಟ ಚೀಲ ಹತ್ತಾದರೂ ಹೊಲಿದು ಕಳಿಸು. ಹೊಲಿಗೆ ಮಾತ್ರ ಗಟ್ಟಿಯಿರಲಿ.