ನಾನು ಹೊಡೆದುಹಾಕಿದ ಸಾಲು

೧೪ ಜೂನ್ ೧೯೨೭, ಮಂಗಳವಾರ. ಬೆಳಗಾವಿ

ಆಸ್ಪತ್ರೆಯ ಗುಮಾಸ್ತನಿಗೆ ಇಂದೂ ಎಂಟು ಹಾಸಿಗೆ, ಎಂಟು ಬೆನ್ನು. ಕಚ್ಚಾ ವಹಿ ನೋಡಿಕೊಂಡು ಇಂಗ್ಲಿಷಿನಲ್ಲಿ ಪಕ್ಕಾ ಪ್ರತಿ ಬರೆದೆ. ಊಟದ ಹೊತ್ತಿಗೆ ಬೆರಳು ಸೆಟೆದವು. ಧಾರವಾಡದಲ್ಲಿ ನಾಲ್ಕು ವರ್ಷ ಕಾವ್ಯ ಓದಿ ಬಿ.ಎ. ಮಾಡಿದ್ದು ಇದಕ್ಕೆ — ಯಾರ ಸೊಂಟದ ಚರ್ಮ ಕೆಂಪಾಗಿದೆ, ಯಾರದು ಇಲ್ಲ.

ಡಾಕ್ಟರ್ ಪಾಂಡುರಂಗರಾಯರ ಸಂಶೋಧನೆ ಅದೇ. ಎದ್ದು ಕೂಡಲಾರದವರಿಗೆ ಮಲಗಿ ಮಲಗಿ ಬೆನ್ನು, ಸೊಂಟ, ಹಿಮ್ಮಡಿ ಹುಣ್ಣಾಗುತ್ತದೆ. ಅದು ಆಗದಂತೆ ತಡೆಯಲು ಅವರೇ ಒಂದು ಮುಲಾಮು ಕಂಡುಹಿಡಿದಿದ್ದಾರೆ. ಸೆಪ್ಟೆಂಬರಿನಲ್ಲಿ ಮುಂಬಯಿಯ ವೈದ್ಯರ ಸಭೆಯಲ್ಲಿ ಪ್ರಬಂಧ ಓದುತ್ತಾರೆ.

ರೌಂಡಿನಲ್ಲಿ ಎಲ್ಲರೆದುರು, 'ನಮ್ಮ ಕವಿಗಳು ಬಂದ್ರು, ಜಾಗಾ ಬಿಡ್ರಿ' ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಾನೇಕೆ ನಗಬೇಕಿತ್ತು? ಮನೆಗೆ ಬರುವ ದಾರಿಯಲ್ಲಿ ಮೂರು ಉತ್ತರ ಹೊಳೆದವು. ಖಡೇಬಜಾರಿನ ಗೋಡೆಗಳಿಗೆ ಹೇಳಿದೆ.

೧೭ ಜೂನ್, ಶುಕ್ರವಾರ

ನಿನ್ನೆ ಖಾಲಿಯಾದ ನಾಲ್ಕನೆಯ ಹಾಸಿಗೆಗೆ ಹೊಸಬ. ಭರಮಪ್ಪ, ಖಾನಾಪುರದವನು, ಕಟ್ಟಿಗೆಯ ಬಂಡಿ ಹೊಡೆಯುತ್ತಿದ್ದ. ದಿಮ್ಮಿ ಉರುಳಿ ಬೆನ್ನುಮೂಳೆ ಮುರಿದಿದೆ. ಸೊಂಟದ ಕೆಳಗೆ ಅರಿವಿಲ್ಲ. ಹೆಂಡತಿ ಭೀಮಕ್ಕ ರೈಲಿನಲ್ಲಿ ಕರೆತಂದಳು.

ಆಯಾ ಶಿವಲಿಂಗವ್ವ ಅವನನ್ನು ಮಗ್ಗುಲಾಗಿಸಿ ಸೊಂಟದ ಮೇಲೆ ಬೆರಳು ಒತ್ತಿದಳು. ಕೆಂಪು ಹೋಗಿ ಬೆಳ್ಳಗಾಯಿತು. ಬೆರಳು ತೆಗೆದಳು. ಮತ್ತೆ ಕೆಂಪು.

'ಬೆಳ್ಳಗಾತು ನೋಡ್ರಿ ಬಿ.ಎ. ಸಾಹೇಬ್ರ? ರಗತ ಇನ್ನೂ ಓಡ್ಯಾಡಾಕತ್ತೈತಿ. ಒತ್ತಿದ್ರೂ ಕೆಂಪಗ ಇತ್ತಂದ್ರ ಒಳಗ ಕೊಳಿಯಾಕ ಹತ್ತೇತಿ ಅಂತ ತಿಳೀರಿ.'

ಯಾರು ಕಲಿಸಿದರು ಎಂದು ಕೇಳಿದೆ.

'ಯಾರ ಕಲಸ್ತಾರ? ನನ್ನ ಗಂಡ ಎಲಿ ಯಾಪಾರ ಮಾಡ್ತಿದ್ದ. ವೀಳ್ಯದೆಲಿ ಬುಟ್ಟಿ ದಿನಾ ಮಗುಚಿ ಹಾಕಬೇಕ್ರಿ. ಕೆಳಗಿನ ಎಲಿ ಮ್ಯಾಲ, ಮ್ಯಾಲಿಂದು ಕೆಳಗ. ಒಂದಿನ ಬಿಟ್ರ ಕರ್ರಗಾಗಿ ನಾರ್ತಾವ. ಮನಷ್ಯಾನೂ ಅಷ್ಟ. ಎರಡ ತಾಸಿಗೊಮ್ಮಿ ಮಗುಚೂದು.'

ಭರಮಪ್ಪ ಗೋಡೆಯ ಕಡೆ ಮುಖ ಮಾಡಿಕೊಂಡೇ, 'ಅವ್ವಾ, ಸುಣ್ಣಾ ಹಚ್ಚಿ ತಿಂದಗಿಂದೀ ಮತ್ತ' ಅಂದ.

೪ ಜುಲೈ, ಸೋಮವಾರ

ಎಂಟು ಬೆನ್ನಿನಲ್ಲಿ ಒಂದಕ್ಕೂ ಹುಣ್ಣಿಲ್ಲ. ಡಾಕ್ಟರು ಖುಷಿ. ನನ್ನ ಪಕ್ಕಾ ಪ್ರತಿ ನೋಡಿ, 'ಛಾನ್! ಎಷ್ಟು ನೀಟ್ ಅದ! ಓದಲಿಕ್ಕೆ ಎಲ್ಲೂ ಅಡ್ಡಿ ಇಲ್ಲ' ಎಂದರು.

ಅಡ್ಡಿ ಇಲ್ಲದಂತೆ ಮಾಡಿದವನು ನಾನು. ಶಿವಲಿಂಗವ್ವನಿಗೆ ಬರೆಯಲು ಬಾರದು. ದಿನಾ ಬೆಳಿಗ್ಗೆ ಅವಳು ಬಾಯಲ್ಲಿ ಹೇಳಿದ್ದನ್ನು ಕಚ್ಚಾ ವಹಿಯಲ್ಲಿ ಬರೆದುಕೊಳ್ಳುತ್ತೇನೆ: ನಾಲ್ಕನೆಯ ಹಾಸಿಗೆ, ಎಡಕ್ಕೆ ಹೊರಳಿಸಿದೆ. ಬಲಕ್ಕೆ ಹೊರಳಿಸಿದೆ. ಎಡಕ್ಕೆ ಹೊರಳಿಸಿದೆ. ವಾರ್ಡಿನಲ್ಲೇ ಮಲಗುವ ಅವಳು ಹಗಲು ರಾತ್ರಿ ಸೇರಿ ಒಬ್ಬನಿಗೇ ಹನ್ನೆರಡು ಸಲ, ಎಂಟು ಜನಕ್ಕೂ ಅದೇ. ಪುನರುಕ್ತಿಯ ಪರಮಾವಧಿ. ಪಕ್ಕಾ ಪ್ರತಿಯಲ್ಲಿ ಆ ಸಾಲುಗಳನ್ನೆಲ್ಲ ಮೊದಲ ದಿನದಿಂದಲೇ ಹೊಡೆದುಹಾಕಿದ್ದೇನೆ. ಉಳಿದದ್ದು ಚರ್ಮದ ಸ್ಥಿತಿ, ಮುಲಾಮು, ಪರಿಣಾಮ. ಒಳ್ಳೆಯ ಗದ್ಯ.

೧೯ ಜುಲೈ, ಮಂಗಳವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಡಾಕ್ಟರು ಶಿವಲಿಂಗವ್ವನನ್ನು ಬಾಣಂತಿಯರ ವಾರ್ಡಿಗೆ ಹಾಕಿದರು. ನಮ್ಮ ವಾರ್ಡಿಗೆ ಒಬ್ಬ ವಾರ್ಡಬಾಯ್ ಸಾಕಂತೆ. ಎರಡು ಹೊತ್ತು ಮುಲಾಮು ಹಚ್ಚಿದರೆ ಆಯಿತಂತೆ.

'ಮತ್ತ ಮಗುಚಾವ್ರ ಯಾರ್ರಿ?' ಅಂದಳು.

'ಏನು ಮಗುಚೂದು?'

'ಈ ಮಂದೀನ್ರಿ! ಎರಡ ತಾಸಿಗೊಮ್ಮಿ ನಾ ಮಗುಚಾಕತ್ತಿದ್ದಕ್ಕ ಅಲ್ಲೇನ್ರಿ ಇವರ ಬೆನ್ನ ಉಳದದ್ದು?'

ಡಾಕ್ಟರು ನಕ್ಕರು. ಸಿಟ್ಟಿನ ನಗು ಅಲ್ಲ, ಮಕ್ಕಳ ಮಾತಿಗೆ ನಗುವ ನಗು. ನನ್ನ ಪಕ್ಕಾ ಪ್ರತಿ ತರಿಸಿ ಅವಳೆದುರು ಒಂದೊಂದೇ ಹಾಳೆ ತಿರುವಿದರು. 'ನೋಡವಾ. ಐದು ವಾರದ ದಾಖಲೆ. ಎಲ್ಲಿ ಅದ ನಿನ್ನ ಮಗುಚೂದು? ಒಂದು ಅಕ್ಷರ ತೋರಿಸು.'

ಅವಳಿಗೆ ಅಕ್ಷರ ಬಾರದು. ಹಾಳೆ ನೋಡಲಿಲ್ಲ. ನನ್ನನ್ನು ನೋಡಿದಳು.

'ನಾ ದಿನಾ ಹೇಳೀನಲ್ರಿ ಸಾಹೇಬ್ರ. ನೀವು ಬರಕೊಂಡ್ರಲ್ಲ.'

ನಾನು ನನ್ನ ಚಪ್ಪಲಿ ನೋಡಿಕೊಂಡೆ. ಕಚ್ಚಾ ವಹಿ ಕಂಕುಳಲ್ಲೇ ಇತ್ತು. ಕಂಕುಳಲ್ಲೇ! ತೆಗೆದು ಮೇಜಿನ ಮೇಲೆ ಇಟ್ಟಿದ್ದರೆ ಸಾಕಿತ್ತು, ಬಾಯಿ ತೆರೆಯಬೇಕಿರಲಿಲ್ಲ.

ಇಡಲಿಲ್ಲ.

೨೦ ಜುಲೈ

ಡಾಕ್ಟರಿಗೆ ಪತ್ರ ಬರೆದೆ. ಹರಿದೆ. ಮತ್ತೆ ಬರೆದೆ. ಅದರಲ್ಲೂ ವಾಕ್ಯ ತಿದ್ದುತ್ತ ಕೂತೆ. ಥೂ.

೧ ಆಗಸ್ಟ್, ಸೋಮವಾರ

ಹೊಸ ವಾರ್ಡಬಾಯ್ ಹೇಳಿದ್ದನ್ನು ಮಾಡುತ್ತಾನೆ — ಮುಲಾಮು, ಎರಡು ಹೊತ್ತು. ಉಳಿದ ಏಳು ಜನ ಅಷ್ಟಿಷ್ಟು ತಾವೇ ಹೊರಳಬಲ್ಲರು. ಭರಮಪ್ಪ ಹೊರಳಲಾರ. ನೋವೂ ತಿಳಿಯದು, ಕೂಗಿ ಕರೆಯಲಿಕ್ಕೆ. ಭೀಮಕ್ಕನಿಗೆ ಸಂಜೆ ಒಂದು ತಾಸು ಮಾತ್ರ ಒಳಗೆ ಬಿಡುತ್ತಾರೆ.

ಇಂದು ಯಾರೂ ಇಲ್ಲದಾಗ ಅವನ ಸೊಂಟದ ಮೇಲೆ ಬೆರಳು ಒತ್ತಿದೆ. ಬೆಳ್ಳಗಾಗಲಿಲ್ಲ. ನಡುವೆ ನೇರಳೆ ಬಣ್ಣ, ಅಂಚಿನಲ್ಲಿ ಚರ್ಮ ಸುಲಿದು ನೀರಾಡಿದೆ.

'ಏನ ಐತ್ರಿ ಹಿಂದ?' ಕೇಳಿದ.

'ಏನಿಲ್ಲ' ಅಂದೆ.

ಡಾಕ್ಟರಿಗೆ ಹೇಳಿದೆ. ಇಷ್ಟಾದರೂ ಹೇಳಿದೆ. 'ಮುಲಾಮು ದುಪ್ಪಟ್ಟು ಹಚ್ಚಲಿ' ಎಂದರು. ಹೊರಳಿಸುವುದು ಅಂತ ನಾನು ಶುರು ಮಾಡಿದೆ. 'ನೀವೂ ಎಲಿ ಮಾರವ್ರ ಪೈಕಿ ಏನು?' ಎಂದು ಎದ್ದು ಹೋದರು.

೫ ಆಗಸ್ಟ್, ಶುಕ್ರವಾರ

ಹುಣ್ಣು ನನ್ನ ಅಂಗೈಯಷ್ಟಾಗಿದೆ. ಕಪ್ಪು. ಬಾಗಿಲಲ್ಲೇ ವಾಸನೆ.

ಡಾಕ್ಟರು ಭೀಮಕ್ಕನನ್ನು ಕರೆದು, ಊರಿನ ಹವೆ ಒಳ್ಳೆಯದು, ಮನೆಗೆ ಕರೆದೊಯ್ಯಿರಿ ಎಂದರು. ಅವಳು ಹೂಂ ಅನ್ನುವ ಮೊದಲೇ ಸ್ಟ್ರೆಚರ್ ಬಂತು. ನನಗೆ ಹೇಳಿ ಬರೆಸಿದರು: 'ನಾಲ್ಕನೆಯ ಹಾಸಿಗೆ. ಸ್ವಂತ ಇಚ್ಛೆಯಿಂದ ಮನೆಗೆ. ಚರ್ಮ ಅಖಂಡ.'

ಅಖಂಡ! ಪ್ರಬಂಧದಲ್ಲಿ ಎಂಟಕ್ಕೆ ಎಂಟು ಬೇಕು.

ಬರೆದೆ. ಅಕ್ಷರ ಬಹಳ ಚೆನ್ನಾಗಿ ಬಂದವು.

ಇರುವೆ ತುಳಿಯದಂತೆ ನೋಡಿ ನಡೆಯುವ ಮನೆ ನಮ್ಮದು. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ಹುಳ ಬಿದ್ದೀತೆಂದು. ಇಂದು ಹೊತ್ತಿಗೆ ಸರಿಯಾಗಿ ಅವ್ವ ತಟ್ಟೆ ಇಟ್ಟಳು. ಕೈ ತೊಳೆದು ಕೂತೆ. ಗೀಟು ಎಳೆದು ಒಬ್ಬ ಮನುಷ್ಯನ ಬೆನ್ನು ಕೊಳೆಸಿದ ಕೈ. ಉಣ್ಣದೆ ಎದ್ದೆ. ಡಾಕ್ಟರ ಮೇಲೆ ಸಿಟ್ಟು ಮಾಡುವುದು ಸುಲಭ. ಅವರಿಗೆ ಆ ಸುಳ್ಳನ್ನು ನೀಟಾಗಿ ಮಾಡಿ ಕೊಟ್ಟವನ ಮೇಲೆ?

೭ ಆಗಸ್ಟ್, ರವಿವಾರ. ಖಾನಾಪುರ

ಬೆಳಗಿನ ಗಾಡಿಗೆ ಬಂದೆ. ಸ್ಟೇಶನ್ನಿನಿಂದ ಕೇಳುತ್ತ ಕೇಳುತ್ತ ಮನೆ ಹುಡುಕಿದೆ. ಒಬ್ಬರು ಮರಾಠಿಯಲ್ಲಿ ಹೇಳಿದರು, ಒಬ್ಬರು ಕನ್ನಡದಲ್ಲಿ. ಬಾಗಿಲಲ್ಲಿ ಭೀಮಕ್ಕ.

'ಏನ ಬರಕೊಳ್ಳಾಕ ಬಂದ್ರಿ? ಸತ್ತಾನೋ ಇಲ್ಲೋ ಅಂತೇನು?'

ಒಳಗಿನಿಂದ ಶಿವಲಿಂಗವ್ವನ ದನಿ: 'ಬಿಡವಾ, ಎರಡ ಕೈ ಹೆಚ್ಚಿಗಿ ಸಿಕ್ಕೂವು.'

ಅವಳು ನಿನ್ನೆಯೇ ರಜೆ ಹಾಕಿ ಬಂದಿದ್ದಾಳೆ. ಭತ್ತದ ಹೊಟ್ಟಿನ ಸಣ್ಣ ಚೀಲಗಳನ್ನು ಹೊಲಿದು ಅವನ ಮೀನಖಂಡದ ಕೆಳಗೆ ಇಟ್ಟಿದ್ದಾಳೆ, ಹಿಮ್ಮಡಿ ಹಾಸಿಗೆಗೆ ತಾಗದಂತೆ. ಉಪ್ಪುನೀರು ಕುದಿಸಿ ಆರಿಸಿ ಹುಣ್ಣು ತೊಳೆಯುತ್ತಾಳೆ.

ನಾನು ಅಲ್ಲೇ ಎಲ್ಲ ಹೇಳಿದೆ. ಸಾಲುಗಳನ್ನು ಹೊಡೆದದ್ದು, ವಹಿ ಕಂಕುಳಲ್ಲಿದ್ದದ್ದು, 'ಅಖಂಡ' ಎಂದು ಬರೆದದ್ದು. ಭೀಮಕ್ಕ ಎದ್ದು ಹಿತ್ತಲಿಗೆ ಹೋದಳು. ಶಿವಲಿಂಗವ್ವ ಹುಣ್ಣು ತೊಳೆದ ಬಟ್ಟೆ ಹಿಂಡಿ ಪಕ್ಕಕ್ಕಿಟ್ಟಳು.

'ಯಾಕ ಹೊಡದಿ?' ಅಂದಳು. ಮೊದಲ ಸಲ ಏಕವಚನ.

'ಅದ ಅದ ಮಾತು ಮತ್ತ ಮತ್ತ ಬರ್ತಿತ್ತು. ಓದಾಕ ಬ್ಯಾಸರ ಅಂತ.'

'ಓದಾಕ ಬ್ಯಾಸರ? ಮಾಡಾಕ ನನಗ ಬ್ಯಾಸರ ಇದ್ದಿಲ್ಲೇನೋ ತಮ್ಮಾ? ಸೊಂಟಾ ಮುರದ ಹೋಗಿತ್ತ ನಂದು.' ತೋಳು ಮೇಲೇರಿಸಿದಳು. 'ಬಾ. ಬರದದ್ದು ಸಾಕು. ಹಿಡಿ ಭುಜಾ.'

ಹಿಡಿದೆ. ಪರರ ಮೈಯನ್ನು ಹೀಗೆ ಮುಟ್ಟಿದ್ದು ಇದೇ ಮೊದಲು. ಎಳೆಯಬಾರದಂತೆ, ಎಳೆದರೆ ಚರ್ಮ ಕೀಳುತ್ತದಂತೆ. ಎತ್ತಿ ತಿರುಗಿಸಬೇಕು. ನಾನು ಎಳೆದೆ. ಬೈಸಿಕೊಂಡೆ. ಎರಡನೆಯ ಸಲ ಸರಿ ಬಂತು.

ಭರಮಪ್ಪ ಕಣ್ಣು ಬಿಟ್ಟು, 'ಅಲ್ರಿ, ನಾ ಸಾಲೀ ಕಲೀದ ದಿಮ್ಮಿ ಉಳ್ಳಸ್ತಿದ್ನಿ. ನನ್ನ ಉಳ್ಳಸಾಕ ಬಿ.ಎ. ಬೇಕಾತು' ಅಂದ. ಮೈ ಕಾದ ಹಂಚಿನಂತೆ ಸುಡುತ್ತಿತ್ತು.

೨೨ ಆಗಸ್ಟ್, ಸೋಮವಾರ. ಬೆಳಗಾವಿ

ಎರಡು ವಾರ, ದಿನಾ ಆಸ್ಪತ್ರೆಯ ಕೆಲಸ ಮುಗಿಸಿ ಮನೆಯಲ್ಲಿ ಕೂತು ಹೊಸ ಪಕ್ಕಾ ಪ್ರತಿ ಬರೆದೆ. ಎಡಕ್ಕೆ. ಬಲಕ್ಕೆ. ಎಡಕ್ಕೆ. ಒಂದೂ ಬಿಟ್ಟಿಲ್ಲ. ಜುಲೈ ಹತ್ತೊಂಬತ್ತರ ಮುಂದೆ ಆ ಸಾಲುಗಳೇ ಇಲ್ಲ. ಹದಿಮೂರನೆಯ ದಿನ ಹುಣ್ಣು. ಮಗುವಿಗೂ ತಿಳಿಯುತ್ತದೆ.

ಇಂದು ಡಾಕ್ಟರ ಮೇಜಿನ ಮೇಲೆ ಇಟ್ಟೆ. ಅವರು ಓದಿದರು. ಪೂರ್ತಿ ಓದಿದರು. ಮುಖ ಇಳಿದದ್ದು ಕಂಡೆ. ಅವರಿಗೆ ಅರ್ಥವಾಯಿತು! ಇದನ್ನು ನಾನು ಎಂದಿಗೂ ಮರೆಯುವುದಿಲ್ಲ. ಅರ್ಥವಾದ ಮೇಲೆ ಹಾಳೆಗಳನ್ನು ಮಡಚಿ ನನ್ನ ಕಡೆ ತಳ್ಳಿದರು.

'ಪ್ರಬಂಧ ಮುಂಬಯಿಗೆ ಹೋಗಿ ಆತು, ಜಿನಪಾಲ. ಮತ್ತ ಮೊದಲಿನ ಪ್ರತೀನೂ ನಿಮ್ಮ ಕೈಬರಹನ ಅದ. ಯಾವುದು ಖರೇ ಅಂತ ಯಾರನ್ನ ಕೇಳೋಣು?'

'ಭರಮಪ್ಪನ ಬೆನ್ನು ನೋಡಿ ಹೇಳ್ರಿ' ಅಂದೆ. ಹೊರಗೆ ವಾರ್ಡಿನಲ್ಲಿದ್ದ ಎಲ್ಲರಿಗೂ ಕೇಳಿಸಿತು. 'ಖಾನಾಪುರ ಹದಿನಾರ ಮೈಲಿ ಅದ. ನಾನ ಕರಕೊಂಡ ಹೋಗ್ತೀನಿ. ಬರ್ರಿ.'

ಬರಲಿಲ್ಲ. ನಾಳೆಯಿಂದ ನಾನೂ ಬರಬೇಕಾಗಿಲ್ಲ ಎಂದರು.

೧೨ ಅಕ್ಟೋಬರ್, ಬುಧವಾರ. ಖಾನಾಪುರ. ಮಧ್ಯಾಹ್ನ

ಇಲ್ಲೇ ಇದ್ದೇನೆ, ಇಲ್ಲಿನ ಸಾಲೆಯಲ್ಲಿ ಕೆಲಸ ಸಿಕ್ಕ ಮೇಲೆ ಇದು ಮೂರನೆಯ ವಾರ. ಬೆಳಿಗ್ಗೆ ಸಾಲೆಯ ಮಕ್ಕಳಿಗೆ ಪಾಠ ಹೇಳುತ್ತೇನೆ. ಉಳಿದ ಹೊತ್ತು ಭರಮಪ್ಪನ ಮನೆಯಲ್ಲಿ. ಭೀಮಕ್ಕ ಈಗ ನನ್ನ ಸಂಗಡ ಮಾತಾಡುತ್ತಾಳೆ, ಕೆಲಸದ ಮಾತು ಮಾತ್ರ. ನ್ಯಾಯ. ಭರಮಪ್ಪನಿಗೆ ಐದು ದಿನದಿಂದ ಜ್ವರವಿಲ್ಲ. ಕಪ್ಪು ಮಾಂಸ ಕಳಚಿ ಬಿದ್ದಿದೆ, ಕೆಳಗೆ ಗುಳಿ. ಎರಡು ಬೆರಳು ಆಳ. ಅಂಚು ಕೆಂಪಗೆ ತುಂಬಿಕೊಳ್ಳುತ್ತಿದೆ. ಒಂದು ಸರದಿ ತಪ್ಪಿದರೂ ಹೋಯಿತು, ಎಂದು ಶಿವಲಿಂಗವ್ವ ರವಿವಾರ ಬಂದಾಗಲೆಲ್ಲ ಹೆದರಿಸಿ ಹೋಗುತ್ತಾಳೆ.

ಅವಳೇ ಸುದ್ದಿ ತಂದಳು. ಮುಂಬಯಿಯಲ್ಲಿ ಪ್ರಬಂಧಕ್ಕೆ ಚಪ್ಪಾಳೆಯಂತೆ. ಮೂರು ಆಸ್ಪತ್ರೆಗಳು ಮುಲಾಮು ತರಿಸಿಕೊಂಡು, ಹೊರಳಿಸುವ ಆಯಾಗಳನ್ನು ಬೇರೆ ಕೆಲಸಕ್ಕೆ ಹಾಕಿವೆಯಂತೆ. ಮೂರು ಆಸ್ಪತ್ರೆ! ಎಷ್ಟು ಬೆನ್ನು? ನನ್ನ ಒಳ್ಳೆಯ ಗದ್ಯ ಎಷ್ಟು ಜನರ ಕೆಳಗೆ ಹಾಸಿದ್ದಾರೆ ಈಗ?

ಸಭೆಯ ಕಾರ್ಯದರ್ಶಿಗೂ ಆ ಮೂರು ಆಸ್ಪತ್ರೆಗಳಿಗೂ ಪತ್ರ ಬರೆಯುತ್ತಿದ್ದೇನೆ. ಜೊತೆಗೆ ಹೊಸ ಪ್ರತಿಯ ನಕಲು. ಕೆಳಗೆ ಶಿವಲಿಂಗವ್ವನ ಹೆಬ್ಬೆಟ್ಟು, ನನ್ನ ಸಹಿ. ಇಂಗ್ಲಿಷ್ ಒರಟಾಗಿದೆ. ತಿದ್ದುವುದಿಲ್ಲ. ಮೊದಲ ಪ್ರತಿಯೂ ನನ್ನದೇ, ಸುಳ್ಳು ಬರೆದವನೂ ನಾನೇ ಎಂದು ಮೊದಲ ಸಾಲಿನಲ್ಲೇ ಹಾಕಿದ್ದೇನೆ. ಡಾಕ್ಟರು ಅದನ್ನೇ ಹಿಡಿದು ನನ್ನನ್ನು ಕೋರ್ಟಿಗೆ ಎಳೆಯಲಿ, ಎಳೆದರೆ ಅಲ್ಲಿ ಎಲ್ಲರೆದುರು ಓದುತ್ತೇನೆ, ಒಂದೊಂದು ಸಾಲನ್ನೂ, ಬೇಸರ ಬರುವ ತನಕ, ಆಮೇಲೆ

ಗಂಟೆ ಎರಡಾಯಿತು. ಭೀಮಕ್ಕ ಕರೆಯುತ್ತಿದ್ದಾಳೆ. ಬಲಕ್ಕೆ